ಒಸಿಐ ಕಾರ್ಡ್ ಇದ್ರೆ ಹಂಪಿ ಕಡೆ ಡಾಕ್ಯುಮೆಂಟರಿ ಶೂಟ್ ಮಾಡ್ಬೋದಾ? ಜೊತೆಗೆ ಇಬ್ರು ಬ್ರಿಟಿಷ್ ಕ್ರೂ, ಕ್ಯಾಮೆರಾ ಸಾಮಾನು ಬೇರೆ

ಹರಿಹರದ ಹುಡುಗಿ:

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಗೊತ್ತಿರೋರು ದಯವಿಟ್ಟು ಓದಿ ಹೇಳಿ.

ನಾನು ಹರಿಹರದವಳು, ಈಗ ಬ್ರಿಟಿಷ್ ಪಾಸ್‌ಪೋರ್ಟು, ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಕೊಡೋ ಕಾರ್ಡ್) ಇದೆ. ಲಂಡನ್ನಲ್ಲಿ ಒಂದು ಸಣ್ಣ ಪ್ರೊಡಕ್ಷನ್ ಕಂಪನಿಲಿ ರಿಸರ್ಚರ್ ಆಗಿದೀನಿ, ಟಿವಿ ಚಾನೆಲ್‌ಗಳಿಗೆ ಡಾಕ್ಯುಮೆಂಟರಿ ಮಾಡಿಕೊಡ್ತೀವಿ. ಈ ಸಲ ವಿಜಯನಗರದ ಕಾಲದ ಕಾಲುವೆಗಳ ಬಗ್ಗೆ ಒಂದು ಫಿಲ್ಮ್ ಮಾಡೋಣ ಅಂತ ನಾನೇ ಬೆನ್ನು ಬಿದ್ದು ಒಪ್ಪಿಸಿದೀನಿ. ತುರ್ತಾ ಕಾಲುವೆಲಿ ಇವತ್ತಿಗೂ ನೀರು ಹರೀತಿದೆ, ಆ ನೀರಲ್ಲೇ ಬಾಳೆ, ಭತ್ತ ಬೆಳೀತಿದಾರೆ ಅನ್ನೋದೇ ಇಲ್ಲಿನವರಿಗೆ ನಂಬೋಕಾಗ್ಲಿಲ್ಲ, ಹಂಪಿ ಅಂದ್ರೆ ಬರೀ ಹಾಳು ಬಿದ್ದ ಊರು ಅಂದ್ಕೊಂಡಿದ್ರು. ಅದ್ರ ಜೊತೆಗೆ ತುಂಗಭದ್ರಾ ಡ್ಯಾಂದು 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಟ್ಟಾಗಿ ನೀರು ಹೋಯ್ತಲ್ಲ, ಆಗ ರೈತರಿಗೆ ಏನಾಯ್ತು ಅನ್ನೋದು, ಆಮೇಲೆ ನದಿಲಿರೋ ನೀರುನಾಯಿಗಳು, ಇದಿಷ್ಟೂ ಸೇರತ್ತೆ.

ಟೀಮಲ್ಲಿ ನಾನು, ಡೈರೆಕ್ಟರ್ ಕಮ್ ಕ್ಯಾಮೆರಾಮನ್ ಒಬ್ರು, ಸೌಂಡ್‌ನವರು ಒಬ್ರು. ಅವರಿಬ್ರೂ ಬ್ರಿಟಿಷರು. ಎರಡು ವಾರದ ಕೆಲ್ಸ ಅಷ್ಟೇ. ನನ್ನ ಪ್ರಶ್ನೆ ಏನಂದ್ರೆ, ಒಸಿಐ ಇರೋದ್ರಿಂದ ನನಗೆ ಏನೂ ಬೇಡ ಅಲ್ವಾ? ಅವರಿಬ್ರೂ ಇ-ಟೂರಿಸ್ಟ್ ವೀಸಾ ತಗೊಂಡ್ರೆ ನಡೆಯತ್ತಾ, ಅಥವಾ ಬೇರೆ ವೀಸಾನಾ? ಕ್ಯಾಮೆರಾ, ಲೆನ್ಸ್, ಮೈಕು ಎಲ್ಲಾ ಸೇರಿ ದೊಡ್ಡ ಮೊತ್ತದ ಸಾಮಾನು, ಕಸ್ಟಮ್ಸಲ್ಲಿ ಡ್ಯೂಟಿ ಕಟ್ಟು ಅಂದ್ರೆ ನಮ್ಮ ಬಜೆಟ್ಟೇ ಮುಳುಗಿಹೋಗತ್ತೆ. ಡೈರೆಕ್ಟರ್ ಡ್ರೋನ್ ಒಂದು, ಸ್ಯಾಟಲೈಟ್ ಮೆಸೆಂಜರ್ ಒಂದು ತರ್ತೀನಿ ಅಂತಿದಾರೆ. ಬೆಂಗಳೂರಲ್ಲಿ ಇಳಿದು ರೈಲಲ್ಲಿ ಹೊಸಪೇಟೆಗೆ ಹೋಗೋ ಪ್ಲ್ಯಾನ್.

ಸಂಚಾರಿ ಮಲ್ಲೇಶ್ವರ:

ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಹಂಪಿಲಿ ಸೀಸನ್‌ನಲ್ಲಿ ಎಲ್ಲಿ ನೋಡಿದ್ರೂ ಫಾರಿನರ್ಸೇ, ಎಲ್ರ ಕೈಲೂ ಕ್ಯಾಮೆರಾ. ಟೂರಿಸ್ಟ್ ಅಂತ ಬನ್ನಿ, ಸಾಮಾನು ಮೂರು ಬ್ಯಾಗಲ್ಲಿ ಹಂಚಿ ಹಾಕೊಂಡು ಗ್ರೀನ್ ಚಾನೆಲಲ್ಲಿ, ಅಂದ್ರೆ ಡಿಕ್ಲೇರ್ ಮಾಡೋಕೆ ಏನೂ ಇಲ್ಲ ಅನ್ನೋರ ದಾರಿಲಿ ನಡೀರಿ, ಯಾರೂ ಕೇಳಲ್ಲ. ನೀವಂತೂ ಕನ್ನಡದವರು, ನಿಮ್ಮೂರಿಗೆ ಬರೋಕೆ ನಿಮಗ್ಯಾಕೆ ಪರ್ಮಿಶನ್ನು?

ಫಿಕ್ಸರ್ ಜಯನಗರ:

ಮೇಲಿನವರ ಮಾತು ದಯವಿಟ್ಟು ಕೇಳ್ಬೇಡಿ ಮೇಡಂ. ನಾನು ಹೊರದೇಶದ ಟಿವಿ ಟೀಮ್‌ಗಳಿಗೆ ಬೆಂಗಳೂರಿಂದ ಲೋಕಲ್ ಕೆಲ್ಸ ನೋಡ್ಕೊಳ್ಳೋನು, ಸುಮಾರು ವರ್ಷದಿಂದ ಇದೇ ಕಸುಬು, ಹಂಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ನಿಮ್ಮ ವಿಷ್ಯ. ಒಸಿಐ ಇದ್ರೆ ಓಡಾಡೋಕೆ, ಇರೋಕೆ ವೀಸಾ ಬೇಡ ನಿಜ, ಆದ್ರೆ ಪತ್ರಿಕೋದ್ಯಮದ ಕೆಲ್ಸಕ್ಕೆ ಬೇರೆ ಅನುಮತಿ ಬೇಕು. 2021ರ ಮಾರ್ಚ್ 4ಕ್ಕೆ ಗೃಹ ಸಚಿವಾಲಯ ಗೆಜೆಟ್ ನೋಟಿಫಿಕೇಶನ್ ಹೊರಡಿಸ್ತು, ಅದ್ರಲ್ಲಿ ಒಸಿಐ ಇರೋರು ಸಂಶೋಧನೆ, ಮಿಷನರಿ ಕೆಲ್ಸ, ಪರ್ವತಾರೋಹಣ, ಪತ್ರಿಕೋದ್ಯಮ ಇವನ್ನ ಮಾಡ್ಬೇಕಂದ್ರೆ ಎಫ್‌ಆರ್‌ಆರ್‌ಓ (ವಿದೇಶಿಯರ ನೋಂದಣಿ ಕಚೇರಿ) ಇಂದ ಇಲ್ಲಾ ಹೊರದೇಶದಲ್ಲಿರೋ ಭಾರತೀಯ ದೂತಾವಾಸದಿಂದ ವಿಶೇಷ ಅನುಮತಿ ತಗೋಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಹರಿಹರದಲ್ಲಿ ಹುಟ್ಟಿದೀನಿ, ಕನ್ನಡ ಮಾತಾಡ್ತೀನಿ ಅನ್ನೋದು ಆ ಕಾಗದದ ಮುಂದೆ ಲೆಕ್ಕಕ್ಕೆ ಬರಲ್ಲ. ಇದನ್ನ ಹಗುರವಾಗಿ ತಗೋಬೇಡಿ. ವನೆಸ್ಸಾ ಡೂನ್ಯಾಕ್ ಅಂತ ಫ್ರೆಂಚ್ ಪತ್ರಕರ್ತೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಂಡಿಯಾದಲ್ಲೇ ಇದ್ದು ಕೆಲ್ಸ ಮಾಡಿದೋರು, ಒಸಿಐ ಇತ್ತು. 2024ರ ಜನವರಿಲಿ ಅವರ ಕಾರ್ಡು ಯಾಕೆ ರದ್ದು ಮಾಡ್ಬಾರ್ದು ಅಂತ ನೋಟಿಸ್ ಬಂತು, ಅನುಮತಿ ಇಲ್ದೆ ಪತ್ರಿಕೋದ್ಯಮ ಮಾಡಿದ್ರು ಅನ್ನೋದೂ ಆ ಆರೋಪಗಳಲ್ಲಿ ಒಂದು, ಫೆಬ್ರವರಿಲಿ ದೇಶ ಬಿಟ್ಟು ಹೋದ್ರು. ಅವರು ಆರೋಪ ಒಪ್ಲಿಲ್ಲ, ಸರಿ ತಪ್ಪು ಚರ್ಚೆ ಬೇರೆ. ಆದ್ರೆ ನಿಮ್ಮ ಅಪ್ಪ ಅಮ್ಮ ಹರಿಹರದಲ್ಲಿದ್ರೆ, ಎರಡು ವಾರದ ಶೂಟಿಂಗಿಗೋಸ್ಕರ ಆ ಕಾರ್ಡನ್ನ ಪಣಕ್ಕಿಡೋದು ಬೇಡ ಅಂತ ನಿಮ್ಮ ಅಣ್ಣನ ಸ್ಥಾನದಲ್ಲಿ ನಿಂತು ಹೇಳ್ತಿದೀನಿ.

ಇನ್ನು ಆ ಇಬ್ರು. ಇ-ವೀಸಾದಲ್ಲಿ ಟೂರಿಸ್ಟ್, ಬಿಸಿನೆಸ್, ಮೆಡಿಕಲ್, ಕಾನ್ಫರೆನ್ಸ್ ಅಂತ ಬಗೆಬಗೆ ಇದೆ, ಪತ್ರಕರ್ತರದ್ದು ಇಲ್ಲವೇ ಇಲ್ಲ. ಅವರಿಗೆ ಜರ್ನಲಿಸ್ಟ್ ವೀಸಾ, ಅಂದ್ರೆ ಜೆ ವೀಸಾನೇ ಆಗ್ಬೇಕು. ಅದು ಬರೀ ಪೇಪರ್ ರಿಪೋರ್ಟರ್‌ಗಳಿಗೆ ಅಂತ ಅಲ್ಲ, ಫೋಟೋಗ್ರಾಫರ್, ಟಿವಿ ರೇಡಿಯೋದೋರು, ಕಮರ್ಷಿಯಲ್ ಅಲ್ಲದ ಫಿಲ್ಮ್ ಮಾಡೋ ಪ್ರೊಡ್ಯೂಸರ್ ಡೈರೆಕ್ಟರ್, ಟ್ರಾವೆಲ್ ರೈಟರ್ ಎಲ್ಲಾ ಅದ್ರಲ್ಲೇ ಬರ್ತಾರೆ, ಸೌಂಡ್‌ನವರೂ ಟೀಮಿನ ಜೊತೆ ಸೇರ್ತಾರೆ. ಕಥೆ ಇರೋ ಸಿನಿಮಾ, ರಿಯಾಲಿಟಿ ಶೋ ಅಂಥದ್ದಾದ್ರೆ ದಾರಿ ಬೇರೆ, ಅದಕ್ಕೆ ಫಿಲ್ಮ್ ವೀಸಾ, ಎನ್‌ಎಫ್‌ಡಿಸಿ (ಕೇಂದ್ರದ ಚಲನಚಿತ್ರ ಅಭಿವೃದ್ಧಿ ನಿಗಮ) ಕೈಕೆಳಗಿರೋ ಇಂಡಿಯಾ ಸಿನಿ ಹಬ್‌ನಲ್ಲಿ ಅರ್ಜಿ. ನಿಮ್ಮದು ಡಾಕ್ಯುಮೆಂಟರಿ, ಹಂಗಾಗಿ ಲಂಡನ್ನಿನ ಹೈಕಮಿಷನ್ನಿನ ಪ್ರೆಸ್ ವಿಭಾಗದ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ಹೋಗತ್ತೆ.

ಅಲ್ಲಿ ಏನು ಕೇಳ್ತಾರೆ ಅಂದ್ರೆ ಫಿಲ್ಮಿನ ಸಾರಾಂಶ, ಯಾರ್ಯಾರು ಬರ್ತಾರೆ ಅವರ ಪಾಸ್‌ಪೋರ್ಟ್ ವಿವರ, ಯಾವ ದಿನ ಯಾವ ಜಾಗ, ಯಾವ ಚಾನೆಲ್‌ಗೆ, ತರೋ ಸಾಮಾನಿನ ಪಟ್ಟಿ ಸೀರಿಯಲ್ ನಂಬರ್ ಸಮೇತ, ನಿಯಮ ಪಾಲಿಸ್ತೀವಿ ಅಂತ ಮುಚ್ಚಳಿಕೆ. ಸಾರಾಂಶದಲ್ಲಿ ಮುಚ್ಚುಮರೆ ಮಾಡ್ಬೇಡಿ. ಕೆಲವರು ಪರ್ಮಿಶನ್ ಬೇಗ ಬರ್ಲಿ ಅಂತ ‘ಪ್ರವಾಸೋದ್ಯಮದ ಬಗ್ಗೆ ಫಿಲ್ಮ್’ ಅಂತ ಬರೆದು ಇಲ್ಲಿ ಬಂದು ಬೇರೇನೋ ಶೂಟ್ ಮಾಡ್ತಾರೆ, ಆಮೇಲೆ ಆ ಕಂಪನಿ ಹೆಸ್ರು ಮುಂದಿನ ಸಲ ಬಂದಾಗ ಮುಂಚೆ ತೆರೆದಿದ್ದ ಬಾಗಿಲೂ ಮುಚ್ಚತ್ತೆ. ಡ್ಯಾಂ ಗೇಟಿನ ವಿಷ್ಯ ಇದೆ, ರೈತರನ್ನ ಮಾತಾಡಿಸ್ತೀವಿ ಅಂತ ನೇರವಾಗಿ ಬರೀರಿ.

ಈಗ ಟೂರಿಸ್ಟ್ ಅಂತ ಬಂದ್ಬಿಡಿ ಅನ್ನೋ ಮಾತಿಗೆ ನನಗೆ ಯಾಕೆ ಸಿಟ್ಟು ಬರತ್ತೆ ಹೇಳ್ತೀನಿ. ಪರ್ಮಿಶನ್ ಇಲ್ದೆ ಸಿಕ್ಕಿಬಿದ್ರೆ ಹೊರಗಿನವರನ್ನ ಫ್ಲೈಟ್ ಹತ್ತಿಸಿ ಕಳಿಸ್ತಾರೆ, ಅಲ್ಲಿಗೆ ಅವರ ಕಥೆ ಮುಗೀತು. ಆಮೇಲೆ ಸ್ಟೇಷನ್ನಿಗೆ ಅಲೆಯೋರು ಯಾರು? ಕಾರ್ ಓಡಿಸಿದ ಡ್ರೈವರ್, ಜಾಗ ತೋರ್ಸಿದ ನನ್ನಂಥೋನು, ಗದ್ದೆ ಬದುವಲ್ಲಿ ನಿಂತು ನಾಲ್ಕು ಮಾತು ಹೇಳಿದ ರೈತ. ಅವರ ಯಾರ ಹತ್ರಾನೂ ಎರಡನೇ ಪಾಸ್‌ಪೋರ್ಟ್ ಇಲ್ಲ.

ಹರಿಹರದ ಹುಡುಗಿ:

ತುಂಬಾ ಥ್ಯಾಂಕ್ಸ್ ಅಣ್ಣ. ರೈತರ ವಿಷ್ಯ ಹೇಳಿದ್ರಲ್ಲ, ಅದನ್ನ ನಾನು ಇವತ್ತೇ ಡೈರೆಕ್ಟರ್‌ಗೆ ಹೇಳ್ತೀನಿ. ಟೈಮ್ ಎಷ್ಟು ಹಿಡಿಯತ್ತೆ ಅಂತ ಒಂದು ಅಂದಾಜು ಇದ್ಯಾ? ಮತ್ತೆ ಸಾಮಾನಿಗೆ ಇಲ್ಲಿ ಎಲ್ರೂ ಕಾರ್ನೆಟ್ ಮಾಡ್ಸು ಅಂತಿದಾರೆ, ಅದು ಇಂಡಿಯಾದಲ್ಲಿ ನಡೆಯತ್ತಾ?

ಫಿಕ್ಸರ್ ಜಯನಗರ:

ದಿನಗಳ ಲೆಕ್ಕ ಮಾತ್ರ ಕೇಳ್ಬೇಡಿ, ಜಾಗ, ವಿಷಯ ನೋಡಿ ಬದಲಾಗತ್ತೆ. ಶೂಟಿಂಗ್ ತಾರೀಕಿಗೆ ತಿಂಗಳುಗಟ್ಟಲೆ ಮುಂಚೆ ಶುರು ಮಾಡಿ, ಕೈಗೆ ಪರ್ಮಿಶನ್ ಬರೋವರೆಗೂ ವಾಪಸ್ ಕೊಡೋಕಾಗದ ಟಿಕೆಟ್ ಬುಕ್ ಮಾಡ್ಬೇಡಿ. ಜೆ ವೀಸಾ ಸಾಮಾನ್ಯವಾಗಿ ಮೂರು ತಿಂಗಳೊಳಗಿಂದು ಕೊಡ್ತಾರೆ, ಎಷ್ಟು ಸಲ ಒಳಗೆ ಬರ್ಬೋದು ಅನ್ನೋದನ್ನ ವೀಸಾ ಮೇಲೆ ಸರಿಯಾಗಿ ಓದ್ಕೊಳ್ಳಿ. ಮಧ್ಯದಲ್ಲಿ ಶ್ರೀಲಂಕಾಗೆ ಹೋಗಿ ಬರ್ತೀನಿ ಅಂತ ಹೊರಟ್ರೆ ತೊಂದ್ರೆ ಆಗ್ಬೋದು. ಇಬ್ರೂ ಬರೋಕ್ ಮುಂಚೆ ಇ-ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬ್ಲಿ, 2025ರ ಅಕ್ಟೋಬರ್‌ನಿಂದ ಶುರುವಾಗಿದೆ. ಕಸ್ಟಮ್ಸ್ ವಿಷ್ಯ ಇಲ್ಲೇ ಒಬ್ರು ಕ್ಲಿಯರಿಂಗ್ ಏಜೆಂಟ್ ಇದಾರೆ, ಅವ್ರನ್ನ ಕರೀತೀನಿ.

ದೇವನಹಳ್ಳಿ ಕ್ಲಿಯರಿಂಗ್:

ನಮಸ್ತೆ ಮೇಡಂ. ಏರ್‌ಪೋರ್ಟ್ ಕಾರ್ಗೋಲಿ ಕ್ಲಿಯರಿಂಗ್ ಕೆಲ್ಸ ನಮ್ದು, ಫಿಲ್ಮ್ ಟೀಮ್‌ಗಳ ಸಾಮಾನೂ ಬರತ್ತೆ. ನೇರವಾಗಿ ವಿಷ್ಯಕ್ಕೆ ಬರ್ತೀನಿ.

ಕಾರ್ನೆಟ್ ಅಂದ್ರೆ ಸಾಮಾನಿಗೆ ಪಾಸ್‌ಪೋರ್ಟ್ ಇದ್ದಂಗೆ, ಒಂದು ದೇಶಕ್ಕೆ ತಾತ್ಕಾಲಿಕವಾಗಿ ತಂದು ವರ್ಷದೊಳಗೆ ವಾಪಸ್ ಒಯ್ತೀವಿ, ಒಯ್ಯದಿದ್ರೆ ಡ್ಯೂಟಿಗೆ ಗ್ಯಾರಂಟಿ ಇದೆ ಅನ್ನೋ ಪುಸ್ತಕ. ನಿಮಗೆ ಲಂಡನ್ ಚೇಂಬರ್ ಆಫ್ ಕಾಮರ್ಸ್ ಕೊಡತ್ತೆ, ನಮ್ಮಲ್ಲಿ ಅದ್ರ ಜವಾಬ್ದಾರಿ ಫಿಕ್ಕಿ ಅನ್ನೋ ವಾಣಿಜ್ಯೋದ್ಯಮಗಳ ಒಕ್ಕೂಟದ್ದು. ಆದ್ರೆ ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ಎಡವೋದೇ ಇಲ್ಲಿ. ಪ್ರತಿ ದೇಶ ಯಾವ ಉದ್ದೇಶಕ್ಕೆ ಕಾರ್ನೆಟ್ ಒಪ್ಪತ್ತೆ ಅನ್ನೋದು ಬೇರೆ ಬೇರೆ. ಇಂಡಿಯಾದಲ್ಲಿ ಅದು ಶುರುವಾಗಿದ್ದು ಮೇಳ, ಎಕ್ಸಿಬಿಷನ್‌ಗಳ ಸಾಮಾನಿಗೆ ಅಂತ. ಹಂಗಾಗಿ ದುಡ್ಡು ಕಟ್ಟೋಕ್ ಮುಂಚೆ ಆ ಚೇಂಬರಿಗೆ ಮೇಲ್ ಹಾಕಿ ‘ಇಂಡಿಯಾಗೆ, ಪತ್ರಕರ್ತರ ವೃತ್ತಿ ಸಲಕರಣೆ, ಬೆಂಗಳೂರು ವಿಮಾನ ನಿಲ್ದಾಣ’ ಅಂತ ಬರೆದು ಉತ್ತರ ಲಿಖಿತದಲ್ಲಿ ತಗೊಳ್ಳಿ. ಬಾಯಿಮಾತಲ್ಲಿ ಫೋನಲ್ಲಿ ಹೂಂ ಅಂದಿದ್ದು ಕೌಂಟರಲ್ಲಿ ನಡೆಯಲ್ಲ.

ಕಾರ್ನೆಟ್ ಇರ್ಲಿ ಇಲ್ಲದಿರ್ಲಿ, ಇಳಿದ ಮೇಲೆ ಸಾಮಾನು ಡಿಕ್ಲೇರ್ ಮಾಡೋ ರೆಡ್ ಚಾನೆಲ್‌ಗೇ ಹೋಗಿ. ಜೆ ವೀಸಾ, ಸಚಿವಾಲಯದ ಅನುಮತಿ ಪತ್ರ, ಸಾಮಾನಿನ ಪಟ್ಟಿ ಮೂರನ್ನೂ ಒಟ್ಟಿಗೆ ಕೊಡಿ. ವಾಪಸ್ ಒಯ್ತೀವಿ ಅಂತ ಬರೆಸ್ಕೊಂಡು ಬಿಡ್ತಾರೆ, ಸಾಮಾನಿನ ಬೆಲೆ ನೋಡಿ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳೋ ಅಧಿಕಾರವೂ ಅವರಿಗಿದೆ, ಅದಕ್ಕೆ ಇಲ್ಲಿ ಯಾರು ಸಹಿ ಹಾಕ್ತಾರೆ ಅಂತ ಮೊದಲೇ ಗೊತ್ತು ಮಾಡ್ಕೊಂಡಿರಿ. ಗ್ರೀನ್ ಚಾನೆಲಲ್ಲಿ ನುಗ್ಗಿ ಸಿಕ್ಕಿಬಿದ್ರೆ ಅದು ಸುಳ್ಳು ಘೋಷಣೆ ಆಗತ್ತೆ, ಬ್ಯಾಗೇಜ್ ಡ್ಯೂಟಿ ಶೇ 38.5ರ ಲೆಕ್ಕದಲ್ಲಿ ವರ್ಷಗಟ್ಟಲೆ ಇದ್ದಿದ್ದು, ಅದ್ರ ಮೇಲೆ ದಂಡ, ಸಾಮಾನು ಜಪ್ತಿ ಆದ್ರೂ ಆಗ್ಬೋದು. ಮೂರು ಬ್ಯಾಗಲ್ಲಿ ಹಂಚಿ ಹಾಕಿ ಅಂತ ಮೇಲೆ ಯಾರೋ ಬರೆದಿದಾರೆ, ಎಕ್ಸ್‌ರೇಲಿ ಲೆನ್ಸ್ ಲೆನ್ಸ್ ಥರಾನೇ ಕಾಣತ್ತೆ ಸ್ವಾಮಿ, ಎಷ್ಟು ಬ್ಯಾಗಲ್ಲಿದ್ರೂ.

ಪಟ್ಟಿ ಬಗ್ಗೆ ಒಂದು ಮಾತು. ನೀವು ಹೈಕಮಿಷನ್ನಿಗೆ ಕೊಡೋ ಪಟ್ಟಿ, ಕಾರ್ನೆಟ್ಟಿನ ಪಟ್ಟಿ, ಇಲ್ಲಿ ಕೌಂಟರಿಗೆ ಕೊಡೋ ಪಟ್ಟಿ, ಇನ್ಶೂರೆನ್ಸ್ ಪಟ್ಟಿ ನಾಲ್ಕೂ ಒಂದೇ ಇರ್ಬೇಕು, ಅಕ್ಷರಕ್ಷರ ಒಂದೇ. ಯಾವ ಕಂಪನಿ, ಯಾವ ಮಾಡೆಲ್, ಸೀರಿಯಲ್ ನಂಬರ್, ಎಷ್ಟು ಬೆಲೆ, ಎಲ್ಲಿ ತಯಾರಾಗಿದ್ದು. ಕೊನೇ ವಾರದಲ್ಲಿ ‘ಇನ್ನೊಂದು ಲೆನ್ಸ್ ಇರ್ಲಿ’ ಅಂತ ಬಾಡಿಗೆಗೆ ತಂದು ಬ್ಯಾಗಿಗೆ ಹಾಕ್ತಾರಲ್ಲ, ಆ ಒಂದು ಲೆನ್ಸಿಂದ ಇಡೀ ಟೀಮು ಗಂಟೆಗಟ್ಟಲೆ ಅಲ್ಲೇ ಕೂತಿದ್ದು ನೋಡಿದೀನಿ. ಕ್ಯಾಮೆರಾ ಬಾಡಿ ಮೇಲೆ ಸೀರಿಯಲ್ ನಂಬರ್ ಎಲ್ಲಿದೆ ಅಂತ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಕೆಲವು ಮಾಡೆಲಲ್ಲಿ ಬ್ಯಾಟರಿ ಬಿಚ್ಚಿದ್ರೆ ಮಾತ್ರ ಕಾಣತ್ತೆ, ರಾತ್ರಿ ಮೂರು ಗಂಟೆಗೆ ಅಧಿಕಾರಿ ಮುಂದೆ ಟಾರ್ಚ್ ಹಿಡ್ಕೊಂಡು ಹುಡುಕೋ ಪಾಡು ಬೇಡ.

ವಾಪಸ್ ಹೋಗೋವಾಗ ಅದೇ ಏರ್‌ಪೋರ್ಟಿಂದ ಹೋಗಿ. ಬೆಂಗಳೂರಲ್ಲಿ ಇಳಿದು ಮುಂಬೈಯಿಂದ ಹೊರಟ್ರೆ ಕಾಗದ ಹೊಂದಿಸೋದು ಕಷ್ಟ. ಚೆಕ್-ಇನ್ ಬ್ಯಾಗ್ ಒಳಗೆ ಹೋಗೋಕ್ ಮುಂಚೆ ಕಸ್ಟಮ್ಸಿಗೆ ಸಾಮಾನು ತೋರ್ಸಿ ಸೀಲ್ ಹಾಕಿಸ್ಕೊಳ್ಳಿ. ಆ ಸೀಲ್ ಇಲ್ಲ ಅಂದ್ರೆ ಸಾಮಾನು ಇಂಡಿಯಾದಲ್ಲೇ ಉಳೀತು ಅಂತಲೇ ಲೆಕ್ಕ, ತಿಂಗಳುಗಳಾದ ಮೇಲೆ ನಿಮ್ಮ ಕಂಪನಿಗೆ ಡ್ಯೂಟಿ ಕ್ಲೈಮ್ ಬರತ್ತೆ.

ಡ್ರೋನ್ ಬೇಡವೇ ಬೇಡ. 2022ರ ಫೆಬ್ರವರಿ 9ಕ್ಕೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ವಿದೇಶಿ ಡ್ರೋನ್ ಆಮದನ್ನೇ ನಿಷೇಧ ಮಾಡಿದೆ, ಸರ್ಕಾರಿ ಸಂಸ್ಥೆ, ಸಂಶೋಧನೆ, ರಕ್ಷಣೆ ಅಂಥ ಕೆಲವಕ್ಕೆ ಮಾತ್ರ ವಿನಾಯ್ತಿ. ಕಸ್ಟಮ್ಸ್ ಡಿಕ್ಲರೇಶನ್ ಫಾರ್ಮಲ್ಲೂ ಡ್ರೋನ್ ಹೆಸ್ರಿಟ್ಟು ಕೇಳಿದೆ. ಯಾರಾದ್ರೂ ತಿಳೀದೆ ತಂದೇಬಿಟ್ರೆ ಮುಚ್ಚಿಡೋದು ಬೇಡ, ಸತ್ಯ ಹೇಳಿ ಡಿಕ್ಲೇರ್ ಮಾಡಿ, ‘ವಾಪಸ್ ಹೋಗೋವಾಗ ಒಯ್ತೀನಿ, ಇಲ್ಲೇ ಇಟ್ಕೊಳ್ಳಿ’ ಅಂತ ಕೇಳ್ಕೊಳ್ಳೋಕೆ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನಲ್ಲಿ ಅವಕಾಶ ಇದೆ, ರಸೀದಿ ಕೊಡ್ತಾರೆ. ಡಿಕ್ಲೇರ್ ಮಾಡದೆ ಸಿಕ್ಕಿದ್ರೆ ಆ ದಾರಿ ಇಲ್ಲ.

ಸ್ಯಾಟಲೈಟ್ ಸಾಧನ ಅದಕ್ಕಿಂತ ಗಂಭೀರ. ಇದ್ರಲ್ಲಿ ಡ್ಯೂಟಿ ಪ್ರಶ್ನೆನೇ ಅಲ್ಲ, ಪೊಲೀಸ್ ಕೇಸು. ಟೆಲಿಕಾಂ ಇಲಾಖೆ ಅನುಮತಿ ಇಲ್ದೆ ತುರಾಯಾ, ಇರಿಡಿಯಂ ಫೋನ್ ಇಟ್ಕೊಳ್ಳೋದೇ ಅಪರಾಧ, ಬೆಟ್ಟ ಹತ್ತೋರು ಇಟ್ಕೊಳ್ಳೋ ಗಾರ್ಮಿನ್ ಮೆಸೆಂಜರ್ ಕೂಡ ಅದ್ರಲ್ಲೇ ಬರತ್ತೆ. 2024ರ ಕೊನೆಗೆ ಗೋವಾ ಏರ್‌ಪೋರ್ಟಲ್ಲಿ ಅದಿಟ್ಕೊಂಡಿದ್ದ ವಿದೇಶಿ ಪ್ರವಾಸಿಗರನ್ನ ಹಿಡ್ಕೊಂಡಿದ್ದು ಪೇಪರಲ್ಲೆಲ್ಲಾ ಬಂದಿತ್ತು. ಲೈವ್ ಕಳ್ಸೋ ಸ್ಯಾಟಲೈಟ್ ಟರ್ಮಿನಲ್, ವಾಕಿಟಾಕಿ ಇವಕ್ಕೂ ಲೈಸೆನ್ಸ್ ಬೇಕು. ಡೈರೆಕ್ಟರ್ ಬ್ಯಾಗ್ ಪ್ಯಾಕ್ ಮಾಡೋವಾಗ ನೀವೇ ಪಕ್ಕದಲ್ಲಿ ಕೂತು ನೋಡಿ ಮೇಡಂ, ಇಂಥವು ಹಳೇ ಬ್ಯಾಗಿನ ಸೈಡ್ ಜೇಬಲ್ಲಿ ಹಂಗೇ ಉಳ್ಕೊಂಡಿರ್ತವೆ.

ಕ್ಯಾಶ್ ಬಗ್ಗೆ: ವಿದೇಶಿ ನೋಟು 5,000 ಡಾಲರ್ ದಾಟಿದ್ರೆ, ಇಲ್ಲಾ ನೋಟು, ಟ್ರಾವೆಲರ್ಸ್ ಚೆಕ್ ಎಲ್ಲಾ ಸೇರಿ 10,000 ಡಾಲರ್ ದಾಟಿದ್ರೆ ಇಳಿದಾಗ್ಲೇ ಡಿಕ್ಲೇರ್ ಮಾಡ್ಬೇಕು. ಲಂಡನ್ನಲ್ಲೇ ರೂಪಾಯಿ ಕೊಂಡ್ಕೊಂಡು ಬರೋದು ಬೇಡ ಅಂತ ಆ ಇಬ್ರಿಗೂ ಹೇಳಿ.

ಬೂಮ್ ಮೈಕ್:

ನಾನು ಯುಕೆಲೇ ಕ್ಯಾಮೆರಾ ಅಸಿಸ್ಟೆಂಟ್, ಮಂಡ್ಯದವನು. ಮೇಲೆ ಬಂದಿದ್ದಕ್ಕೆ ಎರಡು ಸೇರಿಸ್ತೀನಿ. ಕಾರ್ನೆಟ್ ಮಾಡ್ಸಲ್ಲ ಅಂತ ತೀರ್ಮಾನ ಆದ್ರೂ ಯುಕೆಗೆ ವಾಪಸ್ ಬರೋವಾಗ ‘ಇದು ಇಲ್ಲಿಂದಾನೇ ಹೋದ ಸಾಮಾನು’ ಅಂತ ತೋರ್ಸೋಕೆ ಹೊರಡೋವಾಗ್ಲೇ ಡೂಪ್ಲಿಕೇಟ್ ಲಿಸ್ಟ್ (ಸಾಮಾನಿನ ಪಟ್ಟಿಯ ಎರಡು ಪ್ರತಿ) ಮೇಲೆ ಇಲ್ಲಿನ ಕಸ್ಟಮ್ಸ್ ಸೀಲ್ ಹಾಕಿಸ್ಕೊಳ್ಳಿ, ಎಲ್ರೂ ಇಂಡಿಯಾ ಕಡೆ ಕಸ್ಟಮ್ಸ್ ಬಗ್ಗೆನೇ ಯೋಚ್ನೆ ಮಾಡಿ ತಮ್ಮ ಮನೆ ಬಾಗಿಲಿನ ಕಸ್ಟಮ್ಸ್ ಮರೆತುಬಿಡ್ತಾರೆ. ಬ್ಯಾಟರಿ ಎಲ್ಲಾ ಕ್ಯಾಬಿನ್ ಬ್ಯಾಗಲ್ಲೇ, ಟರ್ಮಿನಲ್‌ಗೆ ಟೇಪ್ ಸುತ್ತಿ. 100 ವಾಟ್-ಅವರ್ ಒಳಗಿನ ವಿ-ಮೌಂಟ್ ಬ್ಯಾಟರಿ ತಗೊಳ್ಳಿ, 100ರಿಂದ 160ರ ಮಧ್ಯೆ ಇದ್ರೆ ಏರ್‌ಲೈನ್ ಒಪ್ಪಿಗೆ ಬೇಕು, ಸ್ಪೇರ್ ತಲೆಗೆ ಎರಡೇ. ದೊಡ್ಡ ಟ್ರೈಪಾಡು, ಲೈಟು, ಸ್ಟ್ಯಾಂಡ್ ಎಲ್ಲಾ ಬೆಂಗಳೂರಲ್ಲೇ ಬಾಡಿಗೆಗೆ ತಗೊಳ್ಳಿ. ಚೆನ್ನಾಗಿರೋ ಸಾಮಾನು ಸಿಗತ್ತೆ, ಪಟ್ಟಿನೂ ಚಿಕ್ಕದಾಗತ್ತೆ. ಕ್ಯಾಮೆರಾ ಬಾಡಿನೂ ಅಲ್ಲೇ ಬಾಡಿಗೆಗೆ ತಗೊಂಡು ಬರೀ ಲೆನ್ಸ್, ಮೈಕು, ಹಾರ್ಡ್ ಡಿಸ್ಕ್ ತಂದ್ರೆ ನಿಮ್ಮ ಕಸ್ಟಮ್ಸ್ ತಲೆನೋವು ಮುಕ್ಕಾಲು ಭಾಗ ಹೋಗತ್ತೆ, ನಿಮ್ಮ ಡೈರೆಕ್ಟರ್ ಒಪ್ತಾರಾ ನೋಡಿ.

ಕಮಲಾಪುರದ ಕೆರೆ:

ನಮಸ್ಕಾರ ಅಕ್ಕಾರ. ನಾನು ಕಮಲಾಪುರದವ. ತುರ್ತಾ ಕಾಲುವಿ ಬಗ್ಗೆ ಫಿಲ್ಮ್ ಮಾಡಾಕತ್ತೀರಿ ಅಂತ ಓದಿ ಭಾಳ ಖುಷಿ ಆತು, ಎಲ್ಲರೂ ಕಲ್ಲಿನ ರಥದ ಮುಂದ ನಿಂತು ಫೋಟೋ ಹೊಡ್ಕೊಂಡು ಹೊಕ್ಕಾರ, ನೀರು ಎಲ್ಲಿಂದ ಬರತೈತಿ ಅಂತ ಯಾರೂ ಕೇಳಂಗಿಲ್ಲ. ನಮ್ಮ ಅಜ್ಜನ ಕಾಲದಿಂದ ಅದೇ ಕಾಲುವಿ ನೀರು ನಮ್ಮ ಬಾಳಿ ತ್ವಾಟಕ್ಕ.

ಇಲ್ಲಿ ಬಂದ ಮ್ಯಾಲಿನ ಪರ್ಮಿಶನ್ ಹೇಳತೀನಿ ಕೇಳ್ರಿ. ದಿಲ್ಲಿ ಕಾಗದ ಬಂತು ಅಂದ್ರ ಎಲ್ಲಾ ಮುಗೀತು ಅಂತಲ್ಲ. ವಿಠ್ಠಲ ಗುಡಿ, ಕಮಲ ಮಹಲು, ಆನೆ ಲಾಯ ಇವೆಲ್ಲ ಕೇಂದ್ರದ ಪುರಾತತ್ವ ಇಲಾಖಿ ಕೈಯಾಗ ಅದಾವ. ಸುಮ್ನ ಕೈಯಾಗ ಹಿಡಕೊಂಡು ಫೋಟೋ ತಗಿಯಾಕ ಏನೂ ಅನ್ನಂಗಿಲ್ಲ, ಟ್ರೈಪಾಡ್ ಇಟ್ರ, ಮೈಕು ಹಿಡದ್ರ ಸೆಕ್ಯುರಿಟಿಯವರು ಬಂದ ನಿಲ್ಲಸ್ತಾರ, ಅದಕ್ಕ ಫಿಲ್ಮಿಂಗ್ ಪರವಾನಗಿ ಬ್ಯಾರೆ, ಫೀ ಬ್ಯಾರೆ. ವಿರೂಪಾಕ್ಷ ಗುಡಿಯಾಗ ದಿನಾ ಪೂಜಿ ನಡೀತೈತಿ, ಅಲ್ಲಿ ಮುಜರಾಯಿ ಕಡಿಯವರನ್ನೂ ಕೇಳಬೇಕು. ಹಂಪಿ ಪ್ರಾಧಿಕಾರದ ಆಫೀಸಿಗೂ ಒಂದು ಪ್ರತಿ ಕೊಡ್ರಿ. 1986ರಾಗ ಯುನೆಸ್ಕೊ ಪಟ್ಟಿಗೆ ಹೋದ ಮ್ಯಾಲಿಂದ ಕಾಯ್ದೆ ಬಿಗಿ ಐತಿ.

ಡ್ಯಾಂ ಅಂದ್ರ ಅದು ಕರ್ನಾಟಕ ಸರ್ಕಾರದ ಒಂದರದ್ದೇ ಅಲ್ರೀ, ತುಂಗಭದ್ರಾ ಮಂಡಳಿ ಕೈಯಾಗ ಐತಿ, ಆಂಧ್ರ ತೆಲಂಗಾಣನೂ ಅದರಾಗ ಪಾಲುದಾರರು. ಗೇಟ್ ಕಡೆ ಕ್ಯಾಮೆರಾ ತಿರುಗಿಸಬೇಕಂದ್ರ ಮಂಡಳಿ ಲಿಖಿತ ಅನುಮತಿ ಬೇಕಾ ಬೇಕು, ಗೇಟ್ ಹೋದ ಮ್ಯಾಲಂತೂ ಕಾವಲು ಇನ್ನೂ ಜೋರು. ಆದ್ರ ಗೇಟ್ ಕಥಿ ಹೇಳಾಕ ಗೇಟಿನ ಮುಂದನ ನಿಲ್ಲಬೇಕಂತಿಲ್ಲ. ಆಗಸ್ಟ್ 10ರ ರಾತ್ರಿ ನೀರು ಹೊಂಟಾಗ ಎರಡನೇ ಬೆಳಿಗೆ ನೀರು ಉಳೀತೈತೋ ಇಲ್ಲೋ ಅಂತ ನಿದ್ದಿ ಇಲ್ದ ಕುಂತ ಮಂದಿ ಹಳ್ಳಿ ಹಳ್ಳಿಯಾಗ ಅದಾರ, ವಾರದಾಗ ಗೇಟಿನ ಬದ್ಲಿ ನೀರು ತಡಿಯೋ ಸ್ಟಾಪ್‌ಲಾಗ್ ಇಳಿಸಿದಾಗ ಕೈ ಮುಗದು ಅತ್ತಾರ. ಅವರ ಹೊಲದಾಗ ಅವರನ್ನ ಮಾತಾಡಸ್ರಿ, ಅದಕ್ಕಿಂತ ಚಲೋ ಶಾಟ್ ಯಾವ ಗೇಟೂ ಕೊಡಂಗಿಲ್ಲ.

ನೀರುನಾಯಿ ವಿಷಯ. ಡ್ಯಾಂ ಕೆಳಗಿಂದ ಕಂಪ್ಲಿ ಸೇತುವಿ ತನಕ 34 ಕಿಲೋಮೀಟರ್ ನದಿ 2015ರಾಗ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಆಗೇತಿ, ದೇಶದಾಗ ನೀರುನಾಯಿಗೆ ಅಂತ ಆದ ಮೊದಲನೇದು. ಅಲ್ಲಿ ಅರಣ್ಯ ಇಲಾಖಿ ಅನುಮತಿ. ತೆಪ್ಪ ಹಾಕೋ ಹುಡುಗರು ‘ಬರ್ರಿ ತೋರಸ್ತೀನಿ’ ಅಂತ ಕರೀತಾರ, ಅನುಮತಿ ಬರೋ ತನಕ ಹೋಗಬ್ಯಾಡ್ರಿ, ಸಿಕ್ಕರ ಆ ಹುಡುಗನ ತೆಪ್ಪ ಹೊಕ್ಕತಿ.

ಫಿಕ್ಸರ್ ಜಯನಗರ:

ಕಮಲಾಪುರದವರು ಹೇಳಿದ್ದು ನೂರಕ್ಕೆ ನೂರು ಸರಿ. ಅರಣ್ಯದ ವಿಷ್ಯದಲ್ಲಿ ಒಂದು ಉದಾಹರಣೆ ನಿಮ್ಮ ಡೈರೆಕ್ಟರ್‌ಗೆ ಗೊತ್ತಿರತ್ತೆ, ಅವ್ರ ದೇಶದ್ದೇ ಚಾನೆಲ್ಲು. 2017ರಲ್ಲಿ ಕಾಜಿರಂಗದ ಬಗ್ಗೆ ಫಿಲ್ಮ್ ಮಾಡಿದ ಬಿಬಿಸಿಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಐದು ವರ್ಷ ಹುಲಿ ಮೀಸಲುಗಳಲ್ಲಿ ಶೂಟಿಂಗೇ ಬೇಡ ಅಂತ ನಿಷೇಧ ಹಾಕ್ತು. ಪ್ರಸಾರಕ್ಕೆ ಮುಂಚೆ ಫಿಲ್ಮ್ ತೋರಿಸ್ತೀವಿ ಅಂತ ಬರ್ಕೊಟ್ಟು ತೋರಿಸ್ಲಿಲ್ಲ ಅನ್ನೋದು ಅವತ್ತಿನ ದೂರುಗಳಲ್ಲಿ ಮುಖ್ಯವಾದದ್ದು. ಹಂಗಾಗಿ ಮುಚ್ಚಳಿಕೆಲಿ ಏನೇನಿದೆ ಅಂತ ಸಹಿ ಹಾಕೋಕ್ ಮುಂಚೆ ಲಂಡನ್ನಲ್ಲೇ ನಿಮ್ಮ ಚಾನೆಲ್‌ನ ವಕೀಲರಿಗೆ ತೋರ್ಸಿ. ಪ್ರಸಾರಕ್ಕೆ ಮುಂಚೆ ಯಾರಿಗೂ ತೋರಿಸಲ್ಲ ಅನ್ನೋದು ಕೆಲವು ಚಾನೆಲ್‌ಗಳ ನಿಯಮ, ಆ ಜಗಳ ಅಲ್ಲೇ ಮುಗೀಲಿ. ಪತ್ರಕರ್ತನಾಗಿ ಆ ಷರತ್ತು ನನಗೂ ಇಷ್ಟ ಇಲ್ಲ, ಅದನ್ನ ವಿರೋಧಿಸೋರ ಜೊತೆ ನಾನೂ ಇದೀನಿ, ಆದ್ರೆ ಸಹಿ ಹಾಕಿ ಮುರಿಯೋದು ವಿರೋಧ ಅಲ್ಲ.

ಮೇಲಿಂದ ತೋರ್ಸೋ ಶಾಟ್ ಬೇಕೇಬೇಕು ಅಂದ್ರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರೋ ಲೋಕಲ್ ಆಪರೇಟರ್‌ನ ಹಿಡೀಬೇಕು, ಡ್ರೋನ್ ಎಲ್ಲಿ ಹಾರಿಸ್ಬೋದು ಅಂತ ತೋರ್ಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡ್ಬೇಕು, ಸ್ಮಾರಕದ ಮೇಲೆ ಹಾರ್ಸೋಕೆ ಪುರಾತತ್ವ ಇಲಾಖೆ ಒಪ್ಪಿಗೆ ಬೇರೆ. ಕಾಲುವೆ ತೋರ್ಸೋಕೆ ಮಾತಂಗ ಬೆಟ್ಟದ ಮೇಲಿಂದ ಬೆಳಗಿನ ಹೊತ್ತು ಉದ್ದ ಲೆನ್ಸ್ ಹಾಕಿದ್ರೆ ಬಾಳೆತೋಟದ ಹಸಿರು ಹೆಂಗೆ ಕಲ್ಲಿನ ಮಧ್ಯೆ ಹಾದುಹೋಗತ್ತೆ ಅನ್ನೋದು ಚೆನ್ನಾಗಿ ಸಿಗತ್ತೆ.

ಸಂಚಾರಿ ಮಲ್ಲೇಶ್ವರ:

ಇಷ್ಟೆಲ್ಲಾ ಇದೆ ಅಂತ ಗೊತ್ತಿರ್ಲಿಲ್ಲ. ಡ್ರೈವರ್, ರೈತರ ವಿಷ್ಯ ಓದಿದ ಮೇಲೆ ನಾನು ಹೇಳಿದ್ದನ್ನ ಯಾರೂ ಫಾಲೋ ಮಾಡ್ಬೇಡಿ ಅಂತ ನಾನೇ ಹೇಳ್ತೀನಿ. ಒಂದು ಡೌಟು, ನನ್ನ ಫ್ರೆಂಡ್ ಒಬ್ಳು ಜರ್ಮನಿಲಿ ಪೇಪರಲ್ಲಿ ಕೆಲ್ಸ ಮಾಡ್ತಾಳೆ, ಬರೀ ರಜಕ್ಕೆ ಬರ್ಬೇಕಂದ್ರೂ ಜೆ ವೀಸಾನಾ?

ಫಿಕ್ಸರ್ ಜಯನಗರ:

ನಿಜವಾಗ್ಲೂ ರಜ ಅಂದ್ರೆ ಟೂರಿಸ್ಟ್ ವೀಸಾ ಕೇಳ್ಬೋದು, ಆದ್ರೆ ಫಾರ್ಮಲ್ಲಿ ಕೆಲ್ಸ ಏನು ಅನ್ನೋ ಕಡೆ ಪತ್ರಕರ್ತೆ ಅಂತಲೇ ಬರೀಬೇಕು, ಇಲ್ಲಿದ್ದಾಗ ವರದಿ ಮಾಡಲ್ಲ ಅಂತ ಬರ್ಕೊಡಿ ಅಂತ ಕೆಲವು ಕಡೆ ಕೇಳ್ತಾರೆ. ಬರ್ಕೊಟ್ಟ ಮೇಲೆ ಬಂದು ಪೇಪರಿಗೆ ಲೇಖನ ಕಳ್ಸೋದು ಬೇಡ.

ಹರಿಹರದ ಹುಡುಗಿ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಡೈರೆಕ್ಟರ್ ಜೊತೆ ಕೂತು ಮಾತಾಡಿದೆ. ಡ್ರೋನ್, ಮೆಸೆಂಜರ್ ಎರಡೂ ಲಂಡನ್ನಲ್ಲೇ ಬಿಟ್ಟು ಬರೋದು ಅಂತ ಆಯ್ತು. ಕ್ಯಾಮೆರಾ ಬಾಡಿ ಬೆಂಗಳೂರಲ್ಲಿ ಬಾಡಿಗೆಗೆ, ಲೆನ್ಸ್ ಮೈಕ್ ಮಾತ್ರ ಇಲ್ಲಿಂದ. ಶೂಟಿಂಗ್ ತಾರೀಕು ಮುಂದಕ್ಕೆ ಹಾಕಿದೀವಿ, ಮೊದಲು ನನ್ನ ಒಸಿಐ ಅನುಮತಿ, ಅವರ ಜೆ ವೀಸಾ ಅರ್ಜಿ. ಡ್ಯಾಂ ಗೇಟಿನ ಹತ್ರ ಶೂಟ್ ಮಾಡೋದು ಕೈ ಬಿಟ್ಟು ಹಳ್ಳಿಗಳಲ್ಲೇ ರೈತರನ್ನ ಮಾತಾಡ್ಸೋದು ಅಂತ ಸಾರಾಂಶ ತಿದ್ದಿ ಬರೀತಿದೀನಿ. ಕಮಲಾಪುರದ ಅಣ್ಣ, ನಿಮ್ಮ ತೋಟ ನೋಡೋಕೆ ಬರ್ಬೋದಾ? ಮತ್ತೆ ಕೊನೇ ಪ್ರಶ್ನೆ, ಹೋಟೆಲ್ ಬದ್ಲು ಆನೆಗೊಂದಿ ಕಡೆ ಹೋಮ್‌ಸ್ಟೇಲಿ ಇದ್ರೆ ಆ ಇಬ್ರಿಗೆ ಏನಾದ್ರೂ ತೊಂದ್ರೆನಾ?

ಕಮಲಾಪುರದ ಕೆರೆ:

ಬರ್ರಿ ಅಕ್ಕಾರ, ಕೇಳೋದೇನೈತಿ. ಪರ್ಮಿಶನ್ ಬಂದ ಮ್ಯಾಲ ತಾರೀಕು ಹೇಳ್ರಿ, ಕಾಲುವಿಗೆ ನೀರು ಯಾವಾಗ ನಿಲ್ಲಸ್ತಾರ, ಯಾವಾಗ ಬಿಡ್ತಾರ ಅಂತ ನಾ ಕೇಳಿ ಹೇಳತೀನಿ, ರಿಪೇರಿಗೆ ಅಂತ ನೀರು ನಿಲ್ಲಿಸಿದ ಟೈಮಿನಾಗ ಬಂದ್ರ ಬರೀ ಕಲ್ಲು ಕಾಣತಾವ. ಹೋಮ್‌ಸ್ಟೇ ಇರಬಹುದು, ಆದ್ರ ಹೊರದೇಶದವರು ಬಂದ್ರ ಮನಿಯವರು 24 ತಾಸಿನೊಳಗ ಆನ್‌ಲೈನ್‌ನಾಗ ಅತಿಥಿ ಬಂದಾರ ಅಂತ ಸರ್ಕಾರಕ್ಕ ತಿಳಸೋ, ಮಂದಿ ಸಿ ಫಾರ್ಮ್ ಅನ್ನೋ ಫಾರ್ಮ್ ತುಂಬಬೇಕು, ಪಾಸ್‌ಪೋರ್ಟು ವೀಸಾ ಪ್ರತಿ ಬೇಕಾಗತೈತಿ. ರೂಮ್ ಬುಕ್ ಮಾಡೋ ಮೊದಲ ‘ಸಿ ಫಾರ್ಮ್ ಹಾಕ್ತೀರೇನ್ರಿ’ ಅಂತ ಕೇಳ್ರಿ, ಇಲ್ಲ ಅಂದೋರ ಕಡೆ ಇಳಕೋಬ್ಯಾಡ್ರಿ.